ಸೇವ್ ಮಾಡಿದರೂ ಹಳೇ ಪುಟವೇ ಕಾಣುತ್ತದೆ!

ಪ್ರಶ್ನೆ: ವೆಬ್ ಪುಟ ಮಾಡುವ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ. ಹೆಡಿಂಗಿನ ಬಣ್ಣ ಬದಲಾಯಿಸಿ ಸೇವ್ ಮಾಡುತ್ತೇನೆ, ಬ್ರೌಸರಿನಲ್ಲಿ ಪ್ರಿವ್ಯೂ ನೋಡಿದರೆ ಹಳೇ ನೀಲಿ ಬಣ್ಣವೇ! ಸಾಫ್ಟ್‌ವೇರ್ ಒಳಗೆ ಮಾತ್ರ ಸರಿಯಾಗಿ ಕಾಣುತ್ತದೆ. ಅಪ್‌ಲೋಡ್ ಮಾಡಿದ ಮೇಲೆ ಫೋಟೊಗಳೂ ಮಾಯ. ಇದನ್ನು ತೆಗೆದು ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಲೇ?
— ಬೇಸತ್ತ ಓದುಗ

ಉತ್ತರ: ಬೇಡ. ಹೊಸದಕ್ಕೆ ಹೋದರೂ ಇದೇ ಗೋಳು. ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಬ್ರೌಸರ್ ತೋರಿಸುತ್ತಿರುವುದು ನೀವು ತಿದ್ದಿದ ಫೈಲನ್ನೇ ತಾನೇ?

ಅಡ್ರೆಸ್ ಬಾರ್ ನೋಡಿ. ಅಲ್ಲಿ ನಿಮ್ಮ ಫೋಲ್ಡರಿನ ಹೆಸರೇ ಇರಬೇಕು. ಕೆಲವು ಸಾಫ್ಟ್‌ವೇರ್‌ಗಳು ಪ್ರಿವ್ಯೂಗೆಂದೇ ತಾತ್ಕಾಲಿಕ ಪ್ರತಿ ಮಾಡಿಕೊಳ್ಳುತ್ತವೆ. ಜಿಪ್ ಫೈಲನ್ನು ಬಿಡಿಸದೆ ಅದರ ಒಳಗಿಂದಲೇ ಪುಟ ತೆರೆದರಂತೂ ವಿಂಡೋಸ್ ಕೊಡುವುದೂ ತಾತ್ಕಾಲಿಕ ಪ್ರತಿಯನ್ನೇ. ನೀವು ತಿದ್ದುವುದು ಒಂದು, ನೋಡುವುದು ಇನ್ನೊಂದು.

ಫೈಲ್ ಅದೇ ಆಗಿದ್ದರೆ ಒಂದು ಪರೀಕ್ಷೆ ಮಾಡಿ. ಎಚ್‌ಟಿಎಂಎಲ್‌ನಲ್ಲಿ, ಅಂದರೆ ಪುಟದ ಬರಹ ಇರುವ ಫೈಲಿನಲ್ಲಿ, ಹೆಡಿಂಗಿನ ಪಕ್ಕ ಸುಮ್ನೆ 'ಅಆಇ' ಅಂತ ಬರೆದು, ಸೇವ್ ಮಾಡಿ, ಪುಟವನ್ನು ರಿಫ್ರೆಶ್ ಮಾಡಿ. ಅಕ್ಷರ ಬಂತು, ಬಣ್ಣ ಮಾತ್ರ ಬರಲಿಲ್ಲ ಅಂದರೆ ತಪ್ಪು ಸಿಎಸ್‌ಎಸ್ ಕಡೆಗಿದೆ, ಅಂದರೆ ಪುಟದ ಬಣ್ಣ, ಅಂದಚೆಂದ ಹೇಳುವ ಫೈಲಿನ ಕಡೆಗೆ. ಬಣ್ಣ ಇರುವುದು ಬೇರೆ ಫೈಲಿನಲ್ಲಿ ಅಲ್ವಾ? ಎಚ್‌ಟಿಎಂಎಲ್ ಸೇವ್ ಮಾಡಿ ಸಿಎಸ್‌ಎಸ್ ಹಾಗೇ ಬಿಡುವವರೇ ಜಾಸ್ತಿ. ಟ್ಯಾಬಿನ ಮೇಲೆ ಚುಕ್ಕಿಯೋ ನಕ್ಷತ್ರವೋ ಕಂಡರೆ ಅದಿನ್ನೂ ಸೇವ್ ಆಗಿಲ್ಲ. 'ಸೇವ್ ಆಲ್' ಒತ್ತುವುದನ್ನು ರೂಢಿ ಮಾಡಿಕೊಳ್ಳಿ.

ಸೇವ್ ಆಗಿಯೂ ಬಣ್ಣ ಬರದಿದ್ದರೆ ಬ್ರೌಸರಿನ ಕ್ಯಾಶ್ ಮೇಲೆ ಅನುಮಾನ ಪಡಬೇಕು. ಅದು ಹಳೇ ಸಿಎಸ್‌ಎಸ್ ಅನ್ನು ಕೂಡಿಟ್ಟುಕೊಂಡು ಅದನ್ನೇ ಮತ್ತೆ ಬಡಿಸುತ್ತದೆ. ಸರ್ವರಿನಲ್ಲಿರುವ, ಅಂದರೆ ಅಪ್‌ಲೋಡ್ ಮಾಡಿದ ಪುಟಕ್ಕೆ ಈ ಕಾಟ ಹೆಚ್ಚು. ವಿಂಡೋಸ್‌ನಲ್ಲಿ ಕಂಟ್ರೋಲ್ ಹಿಡಿದು ಎಫ್5 ಒತ್ತಿ. ದಿನವಿಡೀ ಇದೇ ಕೆಲಸವಾದರೆ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನಲ್ಲಿ 'ಡಿಸೇಬಲ್ ಕ್ಯಾಶ್' ಟಿಕ್ ಮಾಡಿ. ಆ ಪ್ಯಾನೆಲ್ ತೆರೆದಿರುವಷ್ಟು ಹೊತ್ತು ಮಾತ್ರ ಅದು ಕೆಲಸ ಮಾಡುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ!

ಸಾಫ್ಟ್‌ವೇರ್ ಒಳಗಿನ ಪ್ರಿವ್ಯೂವನ್ನು ನಾನು ನಂಬುವುದಿಲ್ಲ. ಓದುವವರು ಪುಟ ನೋಡುವುದು ಬ್ರೌಸರಿನಲ್ಲಿ, ನೀವೂ ಅಲ್ಲೇ ನೋಡಿ.

ಇನ್ನು ಫೋಟೊ. ಕೋಡಿನಲ್ಲಿ ಸಿ ಡ್ರೈವಿನ ವಿಳಾಸ ಇದೆಯೇ ನೋಡಿ. ಆ ವಿಳಾಸ ನಿಮ್ಮ ಕಂಪ್ಯೂಟರಿಗೆ ಮಾತ್ರ ಗೊತ್ತು. ಅದಿಲ್ಲದಿದ್ದರೆ ಫೋಟೊ ಫೈಲಿನ ಹೆಸರೂ ಕೋಡಿನಲ್ಲಿ ಬರೆದ ಹೆಸರೂ ಅಕ್ಷರಕ್ಕಕ್ಷರ ಒಂದೇ ಇವೆಯೇ ನೋಡಿ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ವಿಂಡೋಸ್‌ಗೆ ಸಾಮಾನ್ಯವಾಗಿ ಒಂದೇ, ಲಿನಕ್ಸ್ ಸರ್ವರಿಗೆ ಬೇರೆ ಬೇರೆ. ಹೆಸರೆಲ್ಲ ಚಿಕ್ಕಕ್ಷರದಲ್ಲಿರಲಿ, ನಡುವೆ ಜಾಗ ಬಿಡಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫೈಲನ್ನು ಯುಟಿಎಫ್-8ರಲ್ಲೇ (ಕನ್ನಡವೂ ಸೇರಿ ಎಲ್ಲ ಲಿಪಿಗಳ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಒಂದು ಪದ್ಧತಿ) ಸೇವ್ ಮಾಡಿ. ಆ ಮಾತನ್ನು ಬ್ರೌಸರಿಗೆ ತಿಳಿಸುವ ಮೆಟಾ ಸಾಲು ಫೈಲಿನ ಮೊದಲ 1024 ಬೈಟ್‌ಗಳ ಒಳಗೇ ಇರಬೇಕು. ಇಲ್ಲದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಏನೇನೋ ಗೀಚು ಕಂಡೀತು.