ಮಂಚದ ಪಕ್ಕದ ಸ್ಕ್ಯಾನ್‌ನಲ್ಲಿ ರಕ್ತ ಕಾಣಲಿಲ್ಲ ಎಂದ ಮೇಲೂ ಸಿ.ಟಿ. ಏಕೆ?

ಅಪಘಾತದಲ್ಲಿ ಪೆಟ್ಟಾದ ನಿಮ್ಮ ತಮ್ಮನಿಗೆ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮಲಗಿದಲ್ಲೇ ಎರಡು ಮೂರು ನಿಮಿಷಗಳ ಅಲ್ಟ್ರಾಸೌಂಡ್ ಮಾಡಿ ‘ಹೊಟ್ಟೆಯಲ್ಲಿ ರಕ್ತ ಕಾಣುತ್ತಿಲ್ಲ’ ಎಂದ ವೈದ್ಯರೇ ಮತ್ತೆ ಸಿ.ಟಿ. ಸ್ಕ್ಯಾನ್‌ಗೆ ಕಳುಹಿಸಿದ್ದೇಕೆ, ಹಾಗಾದರೆ ಮೊದಲನೆಯ ಪರೀಕ್ಷೆ ವ್ಯರ್ಥವೇ ಎಂದು ಕೇಳಿದ್ದೀರಿ. ನಾನು ತುರ್ತು ಚಿಕಿತ್ಸಾ ವಿಭಾಗದ ವೈದ್ಯ. ಅಲ್ಟ್ರಾಸೌಂಡ್ ಮಾಡುವಾಗ ಮೈಮೇಲೆ ಒತ್ತಿ ಹಿಡಿಯುವ ಪ್ರೋಬ್ ಎಂಬ ಸಾಧನವನ್ನು ಹೆಚ್ಚುಕಡಿಮೆ ಪ್ರತಿ ಪಾಳಿಯಲ್ಲೂ ಹಿಡಿಯುವವನು. ವ್ಯರ್ಥವಲ್ಲ, ಎರಡೂ ಪರೀಕ್ಷೆಗಳು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತವೆ.

ಆ ಮೊದಲ ಪರೀಕ್ಷೆಯನ್ನು ನಾವು ‘ಫಾಸ್ಟ್’ (FAST, ಗಾಯಾಳುಗಳ ಅಲ್ಟ್ರಾಸೌಂಡ್ ಪರೀಕ್ಷೆಯ ಇಂಗ್ಲಿಷ್ ಹೆಸರಿನ ಹ್ರಸ್ವರೂಪ) ಎನ್ನುತ್ತೇವೆ. ಯುರೋಪಿನಲ್ಲಿ 1970ರ ದಶಕದಲ್ಲೇ ಬಳಕೆಗೆ ಬಂದಿದ್ದ ಈ ವಿಧಾನಕ್ಕೆ ಆ ಹೆಸರು ನಿಂತದ್ದು 1990ರ ದಶಕದಲ್ಲಿ. ಅದಕ್ಕೂ ಮೊದಲು ಹೊಕ್ಕುಳಿನ ಬಳಿ ಸಣ್ಣದಾಗಿ ಕೊಯ್ದು, ಕೊಳವೆ ಇಳಿಸಿ, ಸಲೈನ್ ತುಂಬಿಸಿ, ಹಿಂದಿರುಗಿ ಬಂದ ದ್ರವದಲ್ಲಿ ರಕ್ತವಿದೆಯೇ ಎಂದು ನೋಡಬೇಕಾಗಿತ್ತು. ಈಗ ಚರ್ಮಕ್ಕೆ ಒಂದಿಷ್ಟು ಜೆಲ್ ಸಾಕು.

ಫಾಸ್ಟ್ ಕೇಳುವುದು ಒಂದೇ ಪ್ರಶ್ನೆ: ಇರಬಾರದ ಜಾಗದಲ್ಲಿ ದ್ರವ ಇದೆಯೇ? ಅಂಗಾತ ಮಲಗಿದವರ ಹೊಟ್ಟೆಯೊಳಗೆ ಸೋರಿದ ರಕ್ತ ತಗ್ಗಿನ ಜಾಗಗಳನ್ನು ಹುಡುಕಿಕೊಂಡು ಹರಿಯುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವಿನ ಸಂದು; ಬ್ರಿಟಿಷ್ ಶಸ್ತ್ರವೈದ್ಯ ರುದರ್‌ಫೋರ್ಡ್ ಮಾರಿಸನ್ ಅವರ ಹೆಸರು ಅದಕ್ಕಿದೆ. ಪರದೆಯ ಮೇಲೆ ಯಕೃತ್ತು ಬೂದುಬಣ್ಣದಲ್ಲಿ ಹರಡಿಕೊಂಡಿರುತ್ತದೆ, ಮೂತ್ರಪಿಂಡ ಅದಕ್ಕೆ ಒರಗಿಕೊಂಡಿರುತ್ತದೆ, ನಡುವೆ ಒಂದು ಬಿಳಿ ಗೆರೆ ಮಾತ್ರ ಇರುತ್ತದೆ. ಆ ಗೆರೆ ಬಿರಿದು ಒಳಗೆ ಕಪ್ಪು ಪಟ್ಟಿಯೊಂದು ಕಂಡರೆ, ಬೇರೆ ಕಾರಣ ಸಿಗುವವರೆಗೆ ಅದನ್ನು ರಕ್ತವೆಂದೇ ಎಣಿಸುತ್ತೇವೆ. ಕಲಿಯುವ ದಿನಗಳಲ್ಲಿ ನಾನು ನಡುಭಾಗವನ್ನಷ್ಟೇ ನೋಡಿ ಪ್ರೋಬ್ ಎತ್ತಿಬಿಡುತ್ತಿದ್ದೆ. ಯಕೃತ್ತಿನ ಕೆಳತುದಿಯವರೆಗೂ ಜಾರಿಸಿ ನೋಡದಿದ್ದರೆ ನೋಡಿದಂತೆಯೇ ಅಲ್ಲ, ಏಕೆಂದರೆ ಅಲ್ಪಸ್ವಲ್ಪ ರಕ್ತ ಎಷ್ಟೋ ಸಲ ಮೊದಲು ಕಾಣಿಸುವುದು ಅಲ್ಲಿಯೇ. ಎಡಗಡೆ ಗುಲ್ಮದ (ಸ್ಪ್ಲೀನ್) ಸುತ್ತ ನೋಡುವುದು ಇನ್ನೂ ಕಷ್ಟ. ಪ್ರೋಬ್ ಹಿಡಿದ ಕೈಯ ಗೆಣ್ಣುಗಳು ಹಾಸಿಗೆಗೆ ತಾಗುವಷ್ಟು ಹಿಂದಕ್ಕೆ ಹೋಗಬೇಕು. ಬಳಿಕ ಮೂತ್ರಕೋಶದ ಹಿಂಭಾಗ, ಎದೆಗೂಡಿನ ಕೆಳಗಿನಿಂದ ಹೃದಯದ ಹೊರಪೊರೆ. ಈಗೀಗ ಇದಕ್ಕೆ ಎರಡೂ ಶ್ವಾಸಕೋಶಗಳನ್ನು ಸೇರಿಸಿ ‘ಇ-ಫಾಸ್ಟ್’ ಎನ್ನುತ್ತಾರೆ. ಉಸಿರಾಡುವಾಗ ಶ್ವಾಸಕೋಶದ ಅಂಚು ಎದೆಗೋಡೆಗೆ ಉಜ್ಜಿಕೊಂಡು ಜಾರುವುದು ಪರದೆಯಲ್ಲಿ ಮಿನುಗಿದಂತೆ ಕಾಣುತ್ತದೆ. ಅದು ಕಾಣದಿದ್ದರೆ ನಡುವೆ ಗಾಳಿ ಸೇರಿಕೊಂಡಿರಬಹುದು ಎಂಬ ಅನುಮಾನ ಬರುತ್ತದೆ. ಮಲಗಿಸಿಯೇ ತೆಗೆದ ಎಕ್ಸ್-ರೇಯಲ್ಲಿ ತಪ್ಪಿಹೋಗುವ ಇಂಥ ಗಾಳಿಯನ್ನು ಅಲ್ಟ್ರಾಸೌಂಡ್ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ.

ಇನ್ನು ಮಿತಿಗಳಿಗೆ ಬರುತ್ತೇನೆ, ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. ಹೊಟ್ಟೆಯಲ್ಲಿ ಸಾಮಾನ್ಯವಾಗಿ 200 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ರಕ್ತ ಸೇರುವವರೆಗೆ ಈ ಪರೀಕ್ಷೆಗೆ ಏನೂ ಕಾಣದಿರಬಹುದು. ಹೆಪ್ಪುಗಟ್ಟಿದ ರಕ್ತ ಕಪ್ಪಗಿರದೆ ಸುತ್ತಲಿನ ಅಂಗಗಳಂತೆಯೇ ಬೂದಾಗಿ ಕಾಣುತ್ತದೆ. ಯಕೃತ್ತೋ ಗುಲ್ಮವೋ ಒಳಗೇ ಸೀಳಿದ್ದು ರಕ್ತ ಇನ್ನೂ ಹೊರಗೆ ಚೆಲ್ಲಿಲ್ಲದಿದ್ದರೆ, ಕರುಳಿಗೆ ತೂತಾಗಿದ್ದರೆ, ಹೊಟ್ಟೆಯ ಹಿಂಬದಿಯಲ್ಲಿ ಬೆನ್ನೆಲುಬಿನ ಬಳಿ ರಕ್ತ ಸೋರುತ್ತಿದ್ದರೆ ಫಾಸ್ಟ್ ಅದನ್ನು ಖಚಿತವಾಗಿ ತೋರಿಸಲಾರದು. ಆದ್ದರಿಂದ ಅದು ‘ಇದೆ’ ಎಂದರೆ ಬಹುಮಟ್ಟಿಗೆ ನಂಬಬಹುದು, ‘ಇಲ್ಲ’ ಎಂದರೆ ಅಷ್ಟು ನಂಬುವಂತಿಲ್ಲ.

ರಕ್ತದೊತ್ತಡ ಕುಸಿಯುತ್ತಿರುವ ಗಾಯಾಳುವಿನ ಹೊಟ್ಟೆಯಲ್ಲಿ ರಕ್ತ ಕಂಡರೆ ಸಾಮಾನ್ಯವಾಗಿ ಸಿ.ಟಿ.ಗೆ ಕಾಯದೆ ನೇರವಾಗಿ ಆಪರೇಷನ್ ಥಿಯೇಟರಿಗೆ ಒಯ್ಯುತ್ತಾರೆ. ಆ ಎರಡು ನಿಮಿಷಗಳ ಬೆಲೆ ತಿಳಿಯುವುದು ಆಗ. ನಾಡಿ, ರಕ್ತದೊತ್ತಡ ಎರಡೂ ಸ್ಥಿರವಾಗಿದ್ದು ಪೆಟ್ಟು ಜೋರಾಗಿದ್ದರೆ, ಯಾವ ಅಂಗಕ್ಕೆ ಎಷ್ಟು ಗಾಯವಾಗಿದೆ ಎಂದು ತಿಳಿಯಲು ಸಿ.ಟಿ. ಬೇಕಾಗುತ್ತದೆ. ನಿಮ್ಮ ತಮ್ಮನನ್ನು ಅಲ್ಲಿಗೆ ಕಳುಹಿಸಿದ್ದಾರೆಂದರೆ, ಅಷ್ಟು ಹೊತ್ತು ಯಂತ್ರದೊಳಗೆ ಮಲಗಿಸಬಹುದಾದಷ್ಟು ಅವರು ಸ್ಥಿರವಾಗಿದ್ದರು ಎಂದು ವೈದ್ಯರಿಗೆ ಅನ್ನಿಸಿರಬೇಕು.

ನನಗೆ ಇದನ್ನು ಮನದಟ್ಟು ಮಾಡಿಸಿದವನು ದ್ವಿಚಕ್ರ ವಾಹನದಿಂದ ಬಿದ್ದು ಬಂದಿದ್ದ ಒಬ್ಬ ಹುಡುಗ. ಮೊದಲ ಸ್ಕ್ಯಾನ್ ಸ್ವಚ್ಛವಾಗಿತ್ತು, ಮಾತೂ ಸ್ಪಷ್ಟವಾಗಿತ್ತು. ಅರ್ಧ ಗಂಟೆಯ ಬಳಿಕ ನಾಡಿ ಏರುತ್ತಿದೆಯೆಂದು ನರ್ಸ್ ಕರೆದರು. ಮತ್ತೆ ಪ್ರೋಬ್ ಇಟ್ಟಾಗ ಯಕೃತ್ತಿನ ಕೆಳತುದಿಯಲ್ಲಿ ಉಗುರಿನ ಅಂಚಿನಷ್ಟು ತೆಳ್ಳನೆಯ ಕಪ್ಪು ಗೆರೆ ಇತ್ತು, ಗಾಯವಾಗಿದ್ದದ್ದು ಗುಲ್ಮಕ್ಕೆ. ಅಂದಿನಿಂದ ನಾನು ಒಂದೇ ಸ್ಕ್ಯಾನ್‌ಗೆ ತೃಪ್ತನಾಗುವುದಿಲ್ಲ, ಮನೆಯವರಿಗೂ ‘ರಕ್ತವಿಲ್ಲ’ ಎನ್ನದೆ ‘ಈ ಹೊತ್ತಿಗೆ ಕಾಣುತ್ತಿಲ್ಲ’ ಎಂದೇ ಹೇಳುತ್ತೇನೆ.

ನಿಮ್ಮ ತಮ್ಮ ಮನೆಗೆ ಬಂದಿದ್ದರೆ ಹೊಟ್ಟೆನೋವು ಹೆಚ್ಚುವುದು, ಹೊಟ್ಟೆ ಬಿಗಿಯಾಗುವುದು, ಪೆಟ್ಟೇ ಬೀಳದ ಎಡಭುಜದ ತುದಿಯಲ್ಲಿ ನೋವು, ತಲೆಸುತ್ತು, ಮೈ ಬೆವರಿ ತಣ್ಣಗಾಗುವುದು, ಪದೇಪದೇ ವಾಂತಿ, ಜ್ವರ ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಿ.ಟಿ. ವರದಿಯನ್ನೂ ಜೊತೆಗೆ ಒಯ್ಯಿರಿ.