ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವ) ಚಿಕಿತ್ಸೆಯಲ್ಲಿ ಸೆಟ್ರೋರೆಲಿಕ್ಸ್ ಚುಚ್ಚುಮದ್ದನ್ನು ಮನೆಯಲ್ಲೇ ತೆಗೆದುಕೊಳ್ಳುವುದು ಸುರಕ್ಷಿತವೇ?

ಮೊದಲ ಡೋಸನ್ನು ವೈದ್ಯರ ಸಮ್ಮುಖದಲ್ಲಿ ಪಡೆದು, ಅಲರ್ಜಿಯ ಲಕ್ಷಣಗಳಿಲ್ಲವೆಂದು ಖಚಿತವಾಗಲು ಅರ್ಧ ಗಂಟೆ ಅಲ್ಲೇ ಉಳಿದಿದ್ದರೆ, ಮುಂದಿನವನ್ನು ಮನೆಯಲ್ಲಿ ತೆಗೆದುಕೊಳ್ಳಬಹುದು. ಎಲ್‌ಎಚ್ ಎಂಬ, ಅಂಡಾಶಯದಿಂದ ಅಂಡವನ್ನು ಬಿಡುಗಡೆ ಮಾಡಿಸುವ ಹಾರ್ಮೋನು ಅಕಾಲದಲ್ಲಿ ಏರಿ, ಅಂಡಗಳನ್ನು ಹೊರತೆಗೆಯುವ ಮೊದಲೇ ಅಂಡೋತ್ಸರ್ಗವಾಗಿಬಿಡದಂತೆ ತಡೆಯುವುದೇ ಈ 0.25 ಮಿ.ಗ್ರಾಂ. ಔಷಧದ ಕೆಲಸವಾದುದರಿಂದ, ವೈದ್ಯರು ಹೇಳಿದ ದಿನದವರೆಗೆ ಪ್ರತಿದಿನ ಒಂದೇ ಹೊತ್ತಿಗೆ ತೆಗೆದುಕೊಳ್ಳುವುದು ಉಳಿದೆಲ್ಲಕ್ಕಿಂತ ಮುಖ್ಯ. ಡೋಸ್ ತಪ್ಪಿದರೆ ಮರುದಿನ ಎರಡನ್ನು ಒಟ್ಟಿಗೆ ಚುಚ್ಚಿಕೊಳ್ಳದೆ, ರಾತ್ರಿಯಾಗಿದ್ದರೂ ಸಂಕೋಚಪಡದೆ, ಕೂಡಲೇ ಆಸ್ಪತ್ರೆಗೆ ಕರೆ ಮಾಡಿ. ಪುಡಿಯನ್ನು ಜೊತೆಗೆ ಕೊಟ್ಟ ನೀರಿನಲ್ಲಿ ಕರಗಿಸುವಾಗ ಜೋರಾಗಿ ಕುಲುಕದೆ ಮೆಲ್ಲಗೆ ತಿರುಗಿಸಿ. ದ್ರಾವಣ ತಿಳಿಯಾಗಿದ್ದರೆ ಮಾತ್ರ ಕೆಳಹೊಟ್ಟೆಯ ಚರ್ಮದಡಿಗೆ, ದಿನವೂ ಜಾಗ ಬದಲಿಸಿ, ಚುಚ್ಚಿಕೊಳ್ಳಿ. ಚುಚ್ಚಿದಲ್ಲಿ ತುಸು ಕೆಂಪಾಗುವುದು, ತುರಿಸುವುದು ಸಾಮಾನ್ಯ; ಮುಖ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ತುರ್ತು ಚಿಕಿತ್ಸೆ ಬೇಕು. ಮೂತ್ರಪಿಂಡದ ತೀವ್ರ ಕಾಯಿಲೆ ಇರುವವರು ಇದನ್ನು ಬಳಸುವಂತಿಲ್ಲ.