ಉಪ್ಪುನೀರಿನ ಬೀಚಿಗೆ, ಸೊಂಟದ ಮಟ್ಟದ ನೀರಿಗೆ ಯಾವ ಮೆಟಲ್ ಡಿಟೆಕ್ಟರ್ ಒಳ್ಳೆಯದು?

ನಿಮ್ಮ ಪ್ರಶ್ನೆ ಇಷ್ಟು: ಮನೆ ಫ್ಲೋರಿಡಾದ ಕ್ಲಿಯರ್‌ವಾಟರ್ ಹತ್ತಿರ. ವಾರಕ್ಕೊಮ್ಮೆ ಮಕ್ಕಳ ಜೊತೆ ಬೀಚಿಗೆ ಹೋಗುತ್ತೀರಿ. ಒದ್ದೆ ಮರಳಿನಲ್ಲೂ ಸೊಂಟದ ಮಟ್ಟದ ನೀರಿನಲ್ಲೂ ಹುಡುಕುವ ಆಸೆ. 700 ಡಾಲರ್ ಒಳಗೆ ಆಗಬೇಕು. 150 ಡಾಲರಿಗೇ ‘ವಾಟರ್‌ಪ್ರೂಫ್’ ಅಂತ ಬರೆದ ಯಂತ್ರ ಸಿಗುವಾಗ ನಾಲ್ಕು ಪಟ್ಟು ಯಾಕೆ ಕೊಡಬೇಕು?

ನಿಮ್ಮಂಥ ಬೀಚಿಗೆ ಕೊಡಲೇಬೇಕು. ಯಾಕೆ ಅಂತ ಹೇಳುತ್ತೇನೆ.

ನಾನಿರುವುದು ಇದೇ ರಾಜ್ಯದ ಇನ್ನೊಂದು ಮಗ್ಗುಲಲ್ಲಿ, ಅಟ್ಲಾಂಟಿಕ್ ಕಡೆ, ಜಾಕ್ಸನ್‌ವಿಲ್ ಹತ್ತಿರ. ಹುಟ್ಟಿ ಬೆಳೆದದ್ದು ಮಲ್ಪೆ ಕಡೆ. ಇಲ್ಲಿಗೆ ಬಂದ ಮೇಲೆ ಕಡಲು ಬಿಟ್ಟಿರಲು ಆಗಲಿಲ್ಲ, ಹೀಗೆ ಈ ಹವ್ಯಾಸ ಅಂಟಿಕೊಂಡಿತು. ನಾನು ಮೊದಲು ಕೊಂಡದ್ದೂ ವಾಟರ್‌ಪ್ರೂಫ್ ಯಂತ್ರವೇ. 3 ಮೀಟರ್ ನೀರಿನೊಳಗೆ ಮುಳುಗಿಸಬಹುದು ಅಂತ ಡಬ್ಬದ ಮೇಲೆ ಬರೆದಿತ್ತು. ಒಣ ಮರಳಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಅಲೆ ಬಂದು ಹೋಗುವ ಜಾಗಕ್ಕೆ ಕಾಲಿಟ್ಟದ್ದೇ ತಡ, ಕಿವಿ ತುಂಬ ಬರೀ ಕಿರಿಚಾಟ. ಕೆಟ್ಟಿರಬೇಕು ಅಂತ ಬದಲಿಸಿಕೊಂಡು ಬಂದೆ. ಎರಡನೆಯದೂ ಹಾಗೇ. ಆಗ ಕೂತು ಓದಿದೆ. ಯಂತ್ರ ಕೆಟ್ಟಿರಲಿಲ್ಲ, ಅದಕ್ಕೆ ಉಪ್ಪು ಕೇಳಿಸುತ್ತಿತ್ತು.

ಕೋಲಿನ ತುದಿಯ ತಟ್ಟೆ, ಅಂದರೆ ಕಾಯಿಲ್, ನೆಲದೊಳಗೆ ಕಾಂತಕ್ಷೇತ್ರ ಬಿಡುತ್ತದೆ. ಅದು ತಾಗಿದ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿ ಏಳುತ್ತದೆ. ಆ ಸುಳಿಯ ಮಾರುತ್ತರವನ್ನೇ ಯಂತ್ರ ನಮಗೆ ಸದ್ದಾಗಿ ಕೇಳಿಸುವುದು. ಆದರೆ ಸಮುದ್ರದ ನೀರಿನಲ್ಲೂ ವಿದ್ಯುತ್ ಹರಿಯುತ್ತದೆ, ಅಲ್ವಾ? ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಾಗಾಗಿ ಒದ್ದೆ ಮರಳು ಇಡೀ ಹಾಸಿಗೆಯಾಗಿ ಮಾರುತ್ತರ ಕೊಡುತ್ತದೆ. ಅಲೆ ಬಂದಾಗ ಒಂದು ರೀತಿ, ಹೋದಾಗ ಇನ್ನೊಂದು ರೀತಿ. ಕಾಯಿಲ್ ಒಂದಿಷ್ಟು ಎತ್ತಿದರೆ ಮತ್ತೊಂದು. ಒಂದೇ ಫ್ರೀಕ್ವೆನ್ಸಿಯ ಯಂತ್ರಕ್ಕೆ ಇದರಲ್ಲಿ ಉಪ್ಪು ಯಾವುದು, ತೆಳ್ಳನೆ ಚಿನ್ನ ಯಾವುದು ಅಂತ ಬೇರ್ಪಡಿಸುವುದು ಬಹಳ ಕಷ್ಟ. ಸೆನ್ಸಿಟಿವಿಟಿ ಇಳಿಸಿದರೆ ಸದ್ದು ನಿಲ್ಲುತ್ತದೆ ನಿಜ. ಜೊತೆಗೆ ಆಳದ ಉಂಗುರವೂ ಕೇಳದಂತಾಗುತ್ತದೆ.

ವಾಟರ್‌ಪ್ರೂಫ್ ಅಂದರೆ ನೀರು ಒಳಗೆ ಹೋಗುವುದಿಲ್ಲ ಅಂತ ಅಷ್ಟೇ ಅರ್ಥ. ಉಪ್ಪಿನ ವಿಷಯ ಅದು ಏನೂ ಹೇಳುವುದಿಲ್ಲ. ಕೆರೆಗೆ, ಹೊಳೆಗೆ ಆ ಯಂತ್ರ ಸಾಕು.

ಉಪ್ಪನ್ನು ದಾಟಲು ಎರಡು ದಾರಿಗಳಿವೆ. ಒಂದು, ಒಟ್ಟೊಟ್ಟಿಗೆ ಹಲವು ಫ್ರೀಕ್ವೆನ್ಸಿ ಬಳಸುವ ಯಂತ್ರ, ಅಂದರೆ ಮಲ್ಟಿ ಫ್ರೀಕ್ವೆನ್ಸಿ. ಉಪ್ಪು ಮೇಲಿನ ಫ್ರೀಕ್ವೆನ್ಸಿಗೆ ಜಾಸ್ತಿ, ಕೆಳಗಿನದಕ್ಕೆ ಕಡಿಮೆ ಸ್ಪಂದಿಸುತ್ತದೆ. ಎರಡನ್ನೂ ಹೋಲಿಸಿ ನೋಡಿ ಯಂತ್ರ ಉಪ್ಪಿನ ಪಾಲನ್ನು ಕಳೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆ. ‘ಮೂರು ಫ್ರೀಕ್ವೆನ್ಸಿ ಇದೆ’ ಅಂತ ಬರೆದಿದ್ದರೆ ಸಾಲದು. ಒಂದು ಸಲಕ್ಕೆ ಒಂದನ್ನೇ ಆರಿಸಿಕೊಳ್ಳುವ ಯಂತ್ರಗಳೂ ಇವೆ, ಅವುಗಳಿಂದ ಈ ಕೆಲಸ ಆಗುವುದಿಲ್ಲ. ಮೂರೂ ಏಕಕಾಲಕ್ಕೆ ನಡೆಯುತ್ತವೆಯಾ ಅಂತ ಅಂಗಡಿಯಲ್ಲಿ ಕೇಳಿ.

ಇನ್ನೊಂದು ದಾರಿ ಪಲ್ಸ್ ಇಂಡಕ್ಷನ್. ಇದು ಒಂದು ಹೊಡೆತ ಕೊಟ್ಟು, ಕೆಲವು ಮೈಕ್ರೋಸೆಕೆಂಡ್ ಕಾದು, ಆಮೇಲೆ ಕಿವಿಗೊಡುತ್ತದೆ. ಅಷ್ಟರಲ್ಲಿ ಉಪ್ಪಿನ ದನಿ ಅಡಗಿರುತ್ತದೆ, ಲೋಹದ್ದು ಇನ್ನೂ ಉಳಿದಿರುತ್ತದೆ. ಕಪ್ಪು ಮರಳು, ಅಂದರೆ ಕಬ್ಬಿಣದ ಅಂಶ ಜಾಸ್ತಿ ಇರುವ ಮರಳು, ಇರುವಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಕಬ್ಬಿಣ ಯಾವುದು, ಚಿನ್ನ ಯಾವುದು ಅಂತ ಬಹುಪಾಲು ಇಂಥ ಯಂತ್ರಗಳು ಹೇಳುವುದಿಲ್ಲ. ಮೊಳೆ, ಹೇರ್‌ಪಿನ್, ಎಲ್ಲವನ್ನೂ ಅಗೆಯಬೇಕು. ಗ್ಯಾರೆಟ್ ಕಂಪನಿಯ ಸೀ ಹಂಟರ್ ಮಾರ್ಕ್ 2 ಈ ಜಾತಿಯದು. ಮುಳುಗು ಹಾಕುವವರಿಗೆ ಒಳ್ಳೆಯ ಯಂತ್ರ.

ಯಾವುದು ಬೇಕು ಅನ್ನುವುದನ್ನು ನಿಮ್ಮ ಬೀಚಿನ ಮರಳೇ ಹೇಳುತ್ತದೆ. ನಮ್ಮ ಕಡೆ ಪಾಂಟೆ ವೇಡ್ರಾ ಅಂತ ಒಂದು ಊರಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅದರ ಹೆಸರು ಮಿನರಲ್ ಸಿಟಿ. ಕಡಲ ತೀರದ ಮರಳಿನಿಂದ ಟೈಟಾನಿಯಂ ಅದಿರು ತೆಗೆಯುತ್ತಿದ್ದರು. ಕೇರಳದ ಚವರದಲ್ಲಿ ತೆಗೆಯುವ ಇಲ್ಮನೈಟ್ ಇದೆಯಲ್ಲ, ಅದೇ ಜಾತಿಯದು. ಈಗಲೂ ಬಿರುಗಾಳಿ ಬಂದು ಹೋದ ಮೇಲೆ ಅಲ್ಲಲ್ಲಿ ಕಪ್ಪು ಪಟ್ಟೆ ಕಾಣುತ್ತದೆ, ಅದರ ಮೇಲೆ ಯಂತ್ರ ತಡವರಿಸುತ್ತದೆ. ನಿಮ್ಮ ಗಲ್ಫ್ ಕಡೆ, ಅಂದರೆ ಮೆಕ್ಸಿಕೊ ಕೊಲ್ಲಿಯ ಕಡೆ, ಹಾಗಲ್ಲ. ಬೆಳ್ಳಗಿನ ಸ್ಫಟಿಕದ ಹೊಯ್ಗೆ, ಜೊತೆಗೆ ಚಿಪ್ಪಿನ ಚೂರು. ಕಬ್ಬಿಣದ ಅಂಶ ತೀರಾ ಕಡಿಮೆ. ಉಪ್ಪೊಂದನ್ನು ಗೆದ್ದರೆ ಆಯಿತು. ಆದ್ದರಿಂದ ನಿಮಗೆ ಮಲ್ಟಿ ಫ್ರೀಕ್ವೆನ್ಸಿಯೇ ಸರಿ.

ಈಗ ಹೆಸರುಗಳು. ಮೈನ್‌ಲ್ಯಾಬ್ ಈಕ್ವಿನಾಕ್ಸ್ 700, ನೋಕ್ತಾ ಲೆಜೆಂಡ್. ನಿಮ್ಮ ಬಜೆಟ್ಟಿನ ಆಸುಪಾಸಿನಲ್ಲಿ ಈ ಎರಡನ್ನು ಬಿಟ್ಟು ನಾನು ಬೇರೆ ನೋಡುವುದಿಲ್ಲ. ಈಕ್ವಿನಾಕ್ಸ್ ಆಸ್ಟ್ರೇಲಿಯಾ ಕಂಪನಿಯದು, 5 ಮೀಟರ್ ನೀರು ತಡೆಯುತ್ತದೆ. ಲೆಜೆಂಡ್ ಟರ್ಕಿಯದು, 3 ಮೀಟರ್. ಸೊಂಟದ ನೀರಿಗೆ ಎರಡೂ ಧಾರಾಳ. ಎರಡರಲ್ಲೂ ಬೀಚ್ ಮೋಡ್ ಇದೆ. ನನ್ನ ಕೈಯಲ್ಲಿರುವುದು ಈಕ್ವಿನಾಕ್ಸ್. ಗೆಳೆಯನೊಬ್ಬ ಲೆಜೆಂಡ್ ಬಳಸುತ್ತಾನೆ, ಇಬ್ಬರೂ ಒಂದೇ ಗುಂಡಿಯ ಮೇಲೆ ಆಡಿಸಿ ನೋಡಿದ್ದೇವೆ. ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ. ಯಾವುದು ಅಗ್ಗಕ್ಕೆ ಸಿಗುತ್ತದೋ ಅದನ್ನು ತೆಗೆದುಕೊಳ್ಳಿ.

ಇನ್ನೂ ಕಡಿಮೆಯಲ್ಲಿ ಆಗಬೇಕು ಅಂದರೆ ಮೈನ್‌ಲ್ಯಾಬ್‌ನದೇ ವ್ಯಾಂಕ್ವಿಶ್ 440 ಇದೆ. ಉಪ್ಪು ಮರಳಿನಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ನೀರಿಗಿಳಿಸಬಹುದಾದದ್ದು ಕಾಯಿಲ್ ಮಾತ್ರ, ಮೇಲಿನ ಪೆಟ್ಟಿಗೆ ಅಲ್ಲ. ಮೊಣಕಾಲು ನೀರಿನಲ್ಲಿ ಒಂದು ದೊಡ್ಡ ಅಲೆ ಹೊಡೆದರೆ ಯಂತ್ರ ಹೋಯಿತು. ಸೊಂಟದ ನೀರಿಗೆ ಅದನ್ನು ಒಯ್ಯಲೇಬೇಡಿ. ಫ್ರಾನ್ಸಿನ ಎಕ್ಸ್‌ಪಿ ಡೀಯಸ್ 2 ಬಹಳ ಹಗುರ, 20 ಮೀಟರ್ ಆಳಕ್ಕೂ ಸೈ, ಆದರೆ ನಿಮ್ಮ ಬಜೆಟ್ ದಾಟುತ್ತದೆ.

ಯಂತ್ರಕ್ಕೇ ಎಲ್ಲ ದುಡ್ಡು ಸುರಿಯಬೇಡಿ. ನೀರಿಗಿಳಿಯುವವರಿಗೆ ಸ್ಕೂಪ್ ಯಂತ್ರದಷ್ಟೇ ಮುಖ್ಯ. ಉದ್ದ ಹಿಡಿಯ, ತೂತು ಕೊರೆದ ಸ್ಟೇನ್‌ಲೆಸ್ ಸ್ಟೀಲ್ ಸ್ಕೂಪ್ ಬೇಕು. ಅಲೆಯಲ್ಲಿ ನಿಂತು ಕೈಯಲ್ಲಿ ತೋಡಿದರೆ ತೋಡಿದ್ದಷ್ಟೂ ಮುಚ್ಚಿಹೋಗುತ್ತದೆ. ನಮ್ಮೂರಲ್ಲಿ ಹೊಳೆಯಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಬುಟ್ಟಿಯನ್ನು ನೀರಿನಲ್ಲೇ ಅಲುಗಿಸಿ ಹೊಯ್ಗೆ ಕಳೆಯುತ್ತಾರಲ್ಲ, ಥೇಟ್ ಅದೇ ಕೆಲಸ. ಇನ್ನೊಂದು, ವೈರ್ ಇರುವ ವಾಟರ್‌ಪ್ರೂಫ್ ಹೆಡ್‌ಫೋನ್. ಸೊಂಟದ ನೀರಿನಲ್ಲಿ ಪೆಟ್ಟಿಗೆ ಮುಳುಗಿದ ಕೂಡಲೇ ವೈರ್‌ಲೆಸ್ ಸದ್ದು ಕಡಿದುಹೋಗುತ್ತದೆ. ರೇಡಿಯೋ ಅಲೆ ಉಪ್ಪುನೀರನ್ನು ದಾಟುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಚಿನ್ನದ ಮಾತು. ಯಾವ ಲೋಹ ಇರಬಹುದು ಅಂತ ಪರದೆಯ ಮೇಲೆ ಬರುವ ನಂಬರ್ ನೋಡಿ ಕಸ ಬಿಟ್ಟುಬಿಡೋಣ ಅನಿಸುತ್ತದೆ. ಬೀಚಿನಲ್ಲಿ ಹಾಗೆ ಮಾಡಬೇಡಿ. ಇಲ್ಲಿಯವರು ಹಾಕುವ 14 ಕ್ಯಾರೆಟ್ ಉಂಗುರ ಸಾಮಾನ್ಯವಾಗಿ 5 ಸೆಂಟ್ ನಾಣ್ಯದ ಸುತ್ತಮುತ್ತಲಿನ ನಂಬರ್ ತೋರಿಸುತ್ತದೆ. ಸೋಡಾ ಕ್ಯಾನಿನ ಮುಚ್ಚಳದ ತುಂಡೂ ಅಲ್ಲೇ ಬರುತ್ತದೆ. ತುಂಡನ್ನು ಬಿಟ್ಟರೆ ಉಂಗುರವನ್ನೂ ಬಿಟ್ಟ ಹಾಗೆ. ತೆಳ್ಳನೆಯ ಸರ ಇನ್ನೂ ಕೆಳಗೆ, ಉಪ್ಪಿನ ಹತ್ತಿರವೇ ಇರುತ್ತದೆ. ಕೊಂಡಿ ಕೊಂಡಿಯಾಗಿ ಇರುವುದರಿಂದ ಅದರ ದನಿ ಸಣ್ಣದು.

ಭಾರತದ ಚಿನ್ನದ ಲೆಕ್ಕ ಬೇರೆ. ಎರಡು ಬೇಸಿಗೆಯ ಹಿಂದೆ ಇಲ್ಲಿಯ ಕನ್ನಡದ ದಂಪತಿ ಬೀಚಿಗೆ ಬಂದಿದ್ದರು. ನೀರಾಟದಲ್ಲಿ ಆಕೆಯ ನಿಶ್ಚಿತಾರ್ಥದ ಉಂಗುರ ಜಾರಿತು. ತಣ್ಣೀರಿನಲ್ಲಿ ಬೆರಳು ಸಣ್ಣಗಾಗುತ್ತದೆ, ಸನ್‌ಸ್ಕ್ರೀನ್ ಹಚ್ಚಿದ ಕೈ ಬೇರೆ. ರಾತ್ರಿ ಫೋನ್ ಮಾಡಿದಾಗ ಆಕೆಗೆ ಮಾತೇ ಹೊರಡುತ್ತಿರಲಿಲ್ಲ. ಆ ದಿನ ತೆಗೆದ ಫೋಟೋ ಕಳಿಸಿ ಅಂದೆ. ಹಿಂದೆ ಲೈಫ್‌ಗಾರ್ಡ್ ಗೋಪುರ, ಅದರ ಪಕ್ಕ ಒಂದು ಹಳದಿ ಮನೆ ಕಾಣುತ್ತಿತ್ತು. ಅವೆರಡನ್ನು ಹಿಡಿದು ಜಾಗ ಗೊತ್ತುಮಾಡಿಕೊಂಡೆ. ಬೆಳಗಿನ ಇಳಿತಕ್ಕೆ ಸರಿಯಾಗಿ ಇಳಿದು, ದಡಕ್ಕೆ ಸಮನಾಗಿ ಸಾಲು ಸಾಲಾಗಿ ನಡೆದೆ. ಉಂಗುರ 22 ಕ್ಯಾರೆಟ್, ಊರಲ್ಲಿ ಮಾಡಿಸಿದ್ದು ಅಂತ ಮೊದಲೇ ಕೇಳಿ ತಿಳಿದಿದ್ದೆ. ಬೆರಕೆ ಕಡಿಮೆ ಇದ್ದಷ್ಟೂ ಚಿನ್ನದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ನಂಬರ್ ಮೇಲಕ್ಕೆ ಹೋಗುತ್ತದೆ. ಎರಡು ಗಂಟೆಯ ಮೇಲೆ ಬಂದ ನಂಬರ್ 5 ಸೆಂಟಿಗಿಂತ ಸಾಕಷ್ಟು ಮೇಲಿತ್ತು. ಬೇರೆ ದಿನವಾದರೆ ಬಾಟಲಿ ಮುಚ್ಚಳ ಅಂದುಕೊಳ್ಳುತ್ತಿದ್ದೆ. ಮೂರನೇ ಸ್ಕೂಪಿಗೆ ಉಂಗುರ ಬಂತು. ದಡದಲ್ಲಿ ನಿಂತಿದ್ದ ಆಕೆ ಬಟ್ಟೆಯಲ್ಲೇ ನೀರಿಗಿಳಿದು ಓಡಿ ಬಂದರು. ಆ ಮುಖ ನಾನು ಮರೆಯುವುದಿಲ್ಲ.

ನಿಮ್ಮಲ್ಲಿ ಭರತ ಇಳಿತದ ಅಂತರ ಕಡಿಮೆ, ಬಹುತೇಕ ದಿನ ಒಂದು ಮೀಟರಿನ ಒಳಗೇ. ಹಾಗಾಗಿ ಇಳಿತದಲ್ಲೂ ನೀರು ಬಹಳ ದೂರ ಸರಿಯುವುದಿಲ್ಲ. ಜನ ಆಡುವ ಜಾಗ ನೀರಿನಲ್ಲೇ ಉಳಿಯುತ್ತದೆ. ದಡಕ್ಕೂ ಮರಳು ದಿಣ್ಣೆಗೂ ನಡುವೆ ತಗ್ಗು ಇರುತ್ತದಲ್ಲ, ಭಾರದ ವಸ್ತು ಅಲ್ಲಿಗೆ ಸೇರುತ್ತದೆ. ಕಾಲಿಗೆ ಗಟ್ಟಿ ತಳ, ಚಿಪ್ಪಿನ ಹಾಸು ತಾಗುವ ಕಡೆ ನಿಧಾನವಾಗಿ ಹುಡುಕಿ. ಹೊಸದಾಗಿ ಮರಳು ತಂದು ತುಂಬಿದ ಬೀಚಿನಲ್ಲಿ ಮಾತ್ರ ಸುಮ್ನೆ ಸಮಯ ಹಾಳು ಮಾಡಿಕೊಳ್ಳಬೇಡಿ. ಹಳೆಯದೆಲ್ಲ ಆಳಕ್ಕೆ ಹೋಗಿರುತ್ತದೆ.

ನೀರಿನಲ್ಲಿ ಹೆಜ್ಜೆ ಎತ್ತಿ ಇಡಬೇಡಿ, ಕಾಲು ಎಳೆಯುತ್ತಾ ನಡೆಯಿರಿ. ಗಲ್ಫ್ ತೀರದಲ್ಲಿ ಬೇಸಿಗೆಯಲ್ಲಿ ತೊರಕೆ ಮೀನು (ಸ್ಟಿಂಗ್‌ರೇ) ಮರಳಿನಲ್ಲಿ ಹುದುಗಿ ಮಲಗಿರುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ, ಕಾಲು ಎಳೆದರೆ ತಾನೇ ಓಡಿಹೋಗುತ್ತದೆ.

ಕಾನೂನಿನ ವಿಷಯ ಸಡಿಲ ಬಿಡಬೇಡಿ. ಹನಿಮೂನ್ ಐಲ್ಯಾಂಡ್, ಕಲಡೇಸಿ ಎರಡೂ ಸ್ಟೇಟ್ ಪಾರ್ಕ್‌ಗಳು. ಅಲ್ಲಿ ನಿಯಮ ಬೇರೆ, ಯಂತ್ರ ಹೊರತೆಗೆಯುವ ಮೊದಲೇ ಕೇಳಿ. ರಾಷ್ಟ್ರೀಯ ಉದ್ಯಾನಗಳ ಕೈಕೆಳಗಿನ ತೀರಗಳಲ್ಲಿ ಡಿಟೆಕ್ಟರ್ ಬಳಸುವಂತೆಯೇ ಇಲ್ಲ. 1715ರ ಚಂಡಮಾರುತದಲ್ಲಿ ಮುಳುಗಿದ ಸ್ಪೇನಿನ ಹಡಗುಗಳ ಕತೆ ನೀವೂ ಕೇಳಿರಬಹುದು, ಅವು ನಮ್ಮ ಅಟ್ಲಾಂಟಿಕ್ ಕಡೆಯವು. ಅಂಥ ಹಳೆಯ ವಸ್ತುಗಳನ್ನು ನೀರಿನೊಳಗಿಂದ ಎತ್ತಿಕೊಂಡು ಹೋಗುವುದು ಅಪರಾಧ. ಇತ್ತೀಚೆಗೆ ಯಾರೋ ಕಳೆದುಕೊಂಡ ಒಡವೆ ಸಿಕ್ಕರೂ ಪೊಲೀಸರಿಗೆ ತಿಳಿಸಬೇಕು ಅಂತ ಫ್ಲೋರಿಡಾ ಕಾನೂನು ಹೇಳುತ್ತದೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಕಡಲಾಮೆ ಮೊಟ್ಟೆ ಇಡುವ ಕಾಲ. ಗೂಟ ನೆಟ್ಟು ಗುರುತು ಮಾಡಿದ ಜಾಗದಿಂದ ದೂರ ಇರಿ. ತೋಡಿದ ಪ್ರತಿ ಗುಂಡಿಯನ್ನೂ ಮುಚ್ಚಿ. ರಾತ್ರಿ ತೆವಳಿ ಬರುವ ಆಮೆ ಅದರಲ್ಲಿ ಸಿಕ್ಕಿಬೀಳುತ್ತದೆ.

ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಯಂತ್ರ ತೊಳೆಯಿರಿ. ಕೋಲಿನ ಕೀಲು ಬಿಚ್ಚಿ ಒಳಗಿನ ಮರಳೂ ತೆಗೆಯಿರಿ. ಚಾರ್ಜ್ ಮಾಡುವ ಜಾಗ ಪೂರ್ತಿ ಒಣಗಿದ ಮೇಲಷ್ಟೇ ವೈರ್ ಹಾಕಿ.

ಯಂತ್ರ ಬಂದ ಮೊದಲ ದಿನವೇ ನೀರಿಗಿಳಿಯಬೇಡಿ. ಮನೆಯಲ್ಲಿರುವ ಒಂದು ಹಳೆ ಉಂಗುರಕ್ಕೆ ಉದ್ದನೆಯ ಗಟ್ಟಿ ದಾರ ಕಟ್ಟಿ. ಒದ್ದೆ ಮರಳಿನಲ್ಲಿ ಒಂದು ಗೇಣು ಆಳಕ್ಕೆ ಹೂತು, ದಾರದ ತುದಿ ಮೇಲೆ ಬಿಟ್ಟು, ಕಾಯಿಲ್ ಆಡಿಸಿ. ಪಕ್ಕದಲ್ಲಿ ಒಂದು ಬಾಟಲಿ ಮುಚ್ಚಳವನ್ನೂ ಹೂಳಿ. ಎರಡರ ಸದ್ದೂ ಕಿವಿಗೆ ಬೇರೆ ಬೇರೆಯಾಗಿ ಕೇಳುವವರೆಗೆ ಆಡಿಸುತ್ತಾ ಇರಿ. ಮುಗಿದ ಮೇಲೆ ದಾರ ಎಳೆದು ಉಂಗುರ ತೆಗೆದುಕೊಳ್ಳಿ. ಗಂಟು ಭದ್ರವಾಗಿದೆಯಾ ಅಂತ ಹೂಳುವ ಮೊದಲು ಎರಡು ಸಲ ಎಳೆದು ನೋಡಿ.